ಚೀಲದ ತೂಕ ವಜಾ

ಮನೆಯ ತಕ್ಕಡಿ ನೂರಿಪ್ಪತ್ತಕ್ಕೆ ಮುಗಿಯುತ್ತಿತ್ತು.
ನಾನು ನಿಂತರೆ ಮುಳ್ಳು ಪೂರಾ ಒಂದು ಸುತ್ತು ಹೊಡೆದು,
ಸೊನ್ನೆ ದಾಟಿ, ಹದಿನೆಂಟರಲ್ಲಿ ನಿಂತು
ಬಾಲವಾಡಿ ಹುಡುಗನ ತೂಕ ಹೇಳುತ್ತಿತ್ತು.

ಹಾಗಾಗಿ ಸೋಮವಾರ ಬೆಳಿಗ್ಗೆ ಆರೂವರೆಗೆ,
ದಾವಣಗೆರೆ ಎ.ಪಿ.ಎಂ.ಸಿ.ಯಲ್ಲಿ ಹರಾಜಿಗೆ ಜನ ಸೇರುವ ಮೊದಲು,
ಊರ ಮಾಲನ್ನೆಲ್ಲ ತೂಗಿಸಿ ಬರೆಯುವ ಗುಮಾಸ್ತ
ನಾನೇ ಕಾಟಾ ಹತ್ತಿದೆ,
ಚಪ್ಪಲಿ ಬಿಟ್ಟು, ಕೀಲಿಗೊಂಚಲು ತೆಗೆದಿಟ್ಟು.

ಹಮಾಲಿ ಚಮನ್ ಸಾಬ್ ಓದಿದ:
ನೂರ ಮೂವತ್ತೆಂಟು, ನಾಲ್ಕುನೂರು.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ
ಅವನು ತೂಕವನ್ನು ಕೂಗಲಿಲ್ಲ.

ಮೆಕ್ಕೆಜೋಳದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ:
ತಾರೀಖು. ಚೀಲ ಒಂದು. ತೂಕ.
ಷರಾ ಎಂಬಲ್ಲಿ ಏನೂ ಹೊಳೆಯದೆ
ಒಂದು ಗೀಟು ಎಳೆದೆ.

ಆಪರೇಷನ್ನಿಗೆ ಮೊದಲು ಹದಿನೈದು ದಿನ
ಗಂಜಿಯ ತಿಳಿ, ಮಜ್ಜಿಗೆ, ಡಬ್ಬಿ ಪುಡಿ ಕಲಸಿದ ನೀರು.
ಲಿವರ್ ಸಣ್ಣಗಾಗಬೇಕು ಅಂದರು ಡಾಕ್ಟರು,
ಕತ್ತರಿ ಆಡಿಸಲು ಜಾಗ ಬೇಕಂತೆ.
ಬೆಣ್ಣೆ ದೋಸೆಯ ಹೊಗೆ ರಸ್ತೆಗೆ ಅಡ್ಡ ಬಂದಾಗ
ಉಸಿರು ಬಿಗಿಹಿಡಿದು ಸ್ಕೂಟರ್ ಓಡಿಸಿದೆ,
ಸಾಲಗಾರನ ಮನೆ ಮುಂದೆ ಹಾಯುವವನ ಹಾಗೆ.
ನೂರ ಮೂವತ್ತೆರಡು, ಎಂಟುನೂರು.

ಆವರಗೆರೆ ಕಡೆಯ ಮೂವತ್ತು-ನಲವತ್ತರ ಸೈಟು ಹೋಯಿತು,
ಹೊಟ್ಟೆಯ ಮುಕ್ಕಾಲು ಹೋಯಿತು.
ಉಳಿದದ್ದು ಬಾಳೆಹಣ್ಣಿನಷ್ಟು ಅಂದಳು ನರ್ಸು.
ಏಲಕ್ಕಿಯೋ, ಪಚ್ಚಬಾಳೆಯೋ? ಕೇಳಿದೆ.
ನಕ್ಕರೆ ಹೊಲಿಗೆ ನೋಯುತ್ತದೆಂದು ಆಗ ಗೊತ್ತಾಯಿತು.

ಕೊಟ್ರಮ್ಮ ಅಟ್ಟದಿಂದ ಮಗಳ ಒಳಲೆ ಇಳಿಸಿದಳು.
ಗಂಟೆಗೆ ಎರಡು ಒಳಲೆ ಬೇಳೆಕಟ್ಟು,
ಮೂರನೆಯದಕ್ಕೆ ಬೆವರು, ವಾಂತಿ.
ನಾನು ಕುಡಿಯುವುದನ್ನು ನೋಡುತ್ತಾ ಕೂತವಳು
ತನ್ನ ತಟ್ಟೆಯನ್ನು ಅಡುಗೆಮನೆಯ ಕತ್ತಲಿಗೆ ಒಯ್ದು ಉಂಡಳು,
ಕಳ್ಳಿಯಂತೆ, ಸದ್ದಿಲ್ಲದೆ, ತಿಂಗಳುಗಟ್ಟಲೆ.
ಅವಳ ತೂಕವೂ ಇಳಿಯಿತು. ಅದನ್ನು ನಾನು ಬರೆದಿಡಲಿಲ್ಲ.

ನೂರ ಇಪ್ಪತ್ತೊಂದು. ನೂರ ಹದಿನಾಲ್ಕು.
ನೂರ ಒಂಬತ್ತು, ಆರುನೂರು.
ಆಮೇಲೆ ಮೂರು ಸೋಮವಾರ ಅದೇ ನೂರ ಒಂಬತ್ತು, ಆರುನೂರು.
ಕಾಟಾ ಕೆಟ್ಟಿದೆಯೆಂದು ಇಪ್ಪತ್ತು ಕಿಲೋ ಬಟ್ಟು ಇಟ್ಟು ನೋಡಿದೆ.
ಕೆಟ್ಟಿರಲಿಲ್ಲ.

ಕೂದಲು ಉದುರಿತು. ಉಂಗುರ ಮುಸುರೆಯಲ್ಲಿ ಸಿಕ್ಕಿತು.
ಚೀಲ ಹೊಲಿಯುವ ದಬ್ಬಣದಿಂದ ಬೆಲ್ಟಿಗೆ ಆರು ತೂತು.
ಏನ್ರೀ ಹಾಲೇಶಪ್ಪ, ಹುಷಾರಿಲ್ವಾ? ಶುಗರ್ರಾ?
ಹೀಗೆ ಕೇಳಿದವರೇ ಶೇರ್ ಆಟೋದಲ್ಲಿ ನನ್ನ ಕಂಡು
ಮುಂದಿನ ಆಟೋಕ್ಕೆ ಕಾಯುತ್ತಿದ್ದರು.
ಬಾಗಿಲು ಕಂಡರೆ ಈಗಲೂ ಓರೆಯಾಗುತ್ತೇನೆ;
ಎರಡೂ ಕಡೆ ಒಂದೊಂದು ಮೊಳ ಗಾಳಿ.

ಎಂಬತ್ತೇಳು, ಇನ್ನೂರು.

ಜೋಳ ಒಣಗಿ ತೂಕ ಇಳಿದರೆ ತೇವ ಎಂದು ಬರೆಯುತ್ತೇನೆ,
ಇಲಿ ತಿಂದರೆ ಇಲಿ,
ಚೆಲ್ಲಿದ್ದು ಗುಡಿಸುವ ಹೆಂಗಸರ ಮೊರಕ್ಕೆ.
ಐವತ್ತೊಂದು ಕಿಲೋ ಇನ್ನೂರು ಗ್ರಾಂ
ಯಾರ ಮೊರಕ್ಕೆ ಹೋಯಿತು?
ಅಂಗಿ ಕಳಚಿದರೆ ಹೊಟ್ಟೆಯ ಮೇಲೆ
ಮಡಚಿಟ್ಟ ಖಾಲಿ ಚೀಲ. ಅದರ ತೂಕ ವಜಾ ಮಾಡಿಲ್ಲ ಇನ್ನೂ.

ಒಂದು ದಿನ ಐವತ್ತರ ಚೀಲ ತೋರಿಸಿ
ನನ್ನ ಬೆನ್ನಿಗೆ ಹೇರು ಅಂದೆ.
ಬ್ಯಾಡ್ರೀ, ಅಂದ ಚಮನ್ ಸಾಬ್. ಹೇರಿದ.
ನಾಲ್ಕು ಹೆಜ್ಜೆ.
ಎಡಮೊಣಕಾಲು ಲಟಕ್ಕನೆ ಮಾತಾಡಿಸಿತು, ಹಳೇ ಗುರುತಿನವರಂತೆ.
ಇದನ್ನು ಹೊತ್ತೇ ಮಲಗುತ್ತಿದ್ದೆ,
ಹೊತ್ತೇ ಮಗಳ ಶಾಲೆಯ ಮೆಟ್ಟಿಲು ಹತ್ತಿ,
ನಡುವೆ ನಿಂತು, ಫೋನ್ ಬಂದವನಂತೆ ನಟಿಸುತ್ತಿದ್ದೆ.
ಇಳಿಸು, ಅಂದೆ. ಧೂಳೆದ್ದಿತು.

ಅದೇ ಚೀಲ ಹೊತ್ತು ಅವನು ಲಾರಿಯ ಹಲಗೆ ಹತ್ತಿದ.
ಕಾಟಾದ ಮೇಲೆ ಅವನನ್ನು ನಿಲ್ಲಿಸಿದೆ ಆ ಸಂಜೆ:
ಐವತ್ತೆಂಟು. ಬೀಡಿ, ಬೆಂಕಿಪೊಟ್ಟಣ ಸೇರಿ.

ಮುಂದಿನ ಸೋಮವಾರ ನನ್ನದು
ಎಂಬತ್ತೇಳು, ಆರುನೂರು.
ನಾಲ್ಕುನೂರು ಗ್ರಾಂ ಏರಿದೆ. ಬರೆದೆ.
ಷರಾ: ಸೀಗಿ ಹುಣ್ಣಿಮೆ. ಹೋಳಿಗೆ, ಅರ್ಧ.
ಇನ್ನರ್ಧ ಕೊಟ್ರಮ್ಮ, ನನ್ನ ಎದುರಿಗೇ ಕೂತು.